ಆರು ಸೆಕೆಂಡಿನ ಬ್ರೇಕು ಮತ್ತು ರತ್ನಮ್ಮನ ಬಲಗೈ

ನನಗೆ ಮೂವತ್ತಮೂರು ವರ್ಷ. ಕಳೆದ ತಿಂಗಳ ಹನ್ನೊಂದನೇ ತಾರೀಕು, ಮಂಗಳವಾರ, ನಾನು ನಿವೃತ್ತಳಾದೆ.

ನಗುವವರು ನಗಬಹುದು, ಆ ದಿನ ನಾನೂ ನಕ್ಕಿದ್ದೇನೆ. ಚಿತ್ರದುರ್ಗದ ಒಂದು ಪ್ಯಾನೆಲ್ ಬೋರ್ಡ್ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ, ಐಟಿಐಯಲ್ಲಿ ಪಾಠ ಹೇಳುವ ಕೆಲಸಕ್ಕೆ ಹೊರಟಿದ್ದವಳಿಗೆ ಒಂದು ಟೀ ಕೊಟ್ಟು ಕಳಿಸಿದ್ದರೆ ಸಾಕಿತ್ತು. ಆದರೆ ನಮ್ಮ ಯಜಮಾನರಾದ ಶಿವಲಿಂಗಪ್ಪನವರಿಗೆ ಸಮಾರಂಭವೆಂದರೆ ಪ್ರಾಣ. ಬ್ಯಾನರ್ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂದಿನ ವಾರದ ಯಾರದೋ ನಿವೃತ್ತಿಯ ಬ್ಯಾನರು ಸಿದ್ಧವಾಗಿ ಕುಳಿತಿತ್ತು. ಹೆಸರು ಮತ್ತು ಫೋಟೋ ಬದಲಾಯಿಸಿದರೆ ಅರ್ಧ ಗಂಟೆಯಲ್ಲಿ ಕೊಡುತ್ತೇವೆ ಎಂದರಂತೆ. ಹಾಗಾಗಿ 'ವಯೋನಿವೃತ್ತಿ ಪ್ರಯುಕ್ತ' ಎಂಬ ಅಕ್ಷರಗಳ ಕೆಳಗೆ ನನಗೆ ಶಾಲು, ಏಲಕ್ಕಿ ಹಾರ, ಕಿವಿ ಮುಚ್ಚುವಷ್ಟು ದೊಡ್ಡ ಪೇಟ ಎಲ್ಲ ಆಯಿತು. ಪಕ್ಕದ ಟೈರ್ ಅಂಗಡಿಯ ಮಾಲೀಕರು ಮುಖ್ಯ ಅತಿಥಿ. ಅವರು ಬ್ಯಾನರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಬ್ಯಾನರನ್ನೇ ನಂಬಿ, ಇವರು ಮುಂದೆ ಮೊಮ್ಮಕ್ಕಳೊಂದಿಗೆ ಸುಖವಾಗಿ ಕಾಲ ಕಳೆಯಲಿ ಎಂದು ಹಾರೈಸಿದರು. ನನಗೆ ಇನ್ನೂ ಮದುವೆಯಾಗಿಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಭಾಷಣ ಇನ್ನಷ್ಟು ಉದ್ದವಾಗುತ್ತಿತ್ತು.

ಈಗ ನನ್ನ ಮುಂದೆ ಇಪ್ಪತ್ತೆರಡು ವಿದ್ಯಾರ್ಥಿಗಳು ಕೂರುತ್ತಾರೆ. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳುತ್ತಾರೆ. ಅವರಿಗಾಗಿ ಹನ್ನೊಂದು ಡೈರಿಗಳನ್ನು ತೆಗೆದು ಕೂಡಿಸಿದೆ. ನಮ್ಮೂರು ಹರಿಯಬ್ಬೆಯಲ್ಲಿ ನಮ್ಮಪ್ಪ ದಿನಾ ಸಂಜೆ ಕುರಿಗಳನ್ನು ಹಟ್ಟಿಗೆ ಬಿಡುವಾಗ ಒಂದೊಂದಾಗಿ ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಮತ್ತೆ ಹೊರಗಟ್ಟಿ ಮೊದಲಿನಿಂದ. ನನ್ನ ಲೆಕ್ಕದ ಚಟ ಅಲ್ಲಿಂದ ಬಂದದ್ದು. ಡೈರಿಯ ಒಟ್ಟು ಹೀಗಿದೆ: ನಾನು ಕೂರಿಸಿದ ಎಲೆಕ್ಟ್ರಾನಿಕ್ ಬ್ರೇಕುಗಳು ಅರವತ್ತನಾಲ್ಕು. ಸುಟ್ಟ ಮೋಟಾರುಗಳು ಮೂರು. 'ಇಂಜಿನಿಯರ್ ಎಲ್ಲಿ?' ಎಂದು ನನ್ನ ಮುಖ ನೋಡಿಯೇ ಕೇಳಿದವರು ಇನ್ನೂರ ಹನ್ನೆರಡು. ಕಡೆಯ ಸಾಲಿನಲ್ಲಿ ಒಂದು ಕೈ. ಹೊಸದುರ್ಗದ ಹತ್ತಿರದ ನಾರಿನ ಮಿಲ್ಲಿನಲ್ಲಿ ದುಡಿಯುವ ರತ್ನಮ್ಮನ ಬಲಗೈ. ಅದು ನನ್ನ ಒಂದು ಅಂಕಿಯ ದೆಸೆಯಿಂದ ಹೋಗುವುದರಲ್ಲಿತ್ತು. ಉಳಿದದ್ದನ್ನೆಲ್ಲ ಆ ಕೈ ಸಿಗುವವರೆಗೆ ದಾರಿ ಎಂದು ಓದಿಕೊಳ್ಳಿ.

ಮೊದಲು ಬ್ರೇಕಿನ ಸಂಗತಿ. ಸ್ವಿಚ್ ಆರಿಸಿದರೆ ಮೋಟಾರು ತಕ್ಷಣ ನಿಲ್ಲುವುದಿಲ್ಲ. ಅದಕ್ಕೆ ಕಟ್ಟಿದ ಗರಗಸ, ಡ್ರಮ್ಮು, ಚಕ್ರಗಳ ಭಾರ ಅದನ್ನು ಎಳೆದುಕೊಂಡು ಓಡುತ್ತಲೇ ಇರುತ್ತದೆ. ಆಳುಗಳಿಗೆ ಕಾಯುವ ವ್ಯವಧಾನವಿರುವುದಿಲ್ಲ, ಮಾಲೀಕರಿಗೆ ಇನ್ನೂ ಇಲ್ಲ. ಹಿಂದೆ ಕೆಲವರು ಓಡುವ ಮೋಟಾರಿಗೆ ಉಲ್ಟಾ ಕರೆಂಟು ಕೊಟ್ಟು ನಿಲ್ಲಿಸುತ್ತಿದ್ದರು. ಬೆಲ್ಟು ಹರಿದು ಹೋಗಿ ಹಂಚಿನ ಮೇಲೆ ಬೀಳುತ್ತಿತ್ತು. ನಾವು ಕೂರಿಸುವ ಪೆಟ್ಟಿಗೆಯ ಕೆಲಸ ಬೇರೆ. ಓಡುವಾಗ ಮೋಟಾರಿಗೆ ಹೋಗುವುದು ಎಸಿ ಕರೆಂಟು. ಅದು ಸುರುಳಿಗಳ ಒಳಗೆ ಒಂದು ಅಯಸ್ಕಾಂತ ಬಲವನ್ನು ಸುತ್ತ ಓಡಿಸುತ್ತದೆ, ಒಳಗೆ ತಿರುಗುವ ರೋಟರು ಅದರ ಹಿಂದೆ ಓಡುತ್ತದೆ, ಮುಂದೆ ಹೋಗುವ ಕುರಿಗಾಹಿಯ ಹಿಂದೆ ಕುರಿ ಹೋದ ಹಾಗೆ. ಕೆಂಪು ಗುಂಡಿ ಒತ್ತಿದಾಗ ನಮ್ಮ ಪೆಟ್ಟಿಗೆ ಮೊದಲು ಎಸಿಯನ್ನು ಪೂರ್ತಿ ಕಡಿಯುತ್ತದೆ. ಒಂದು ಚಣ ಬಿಟ್ಟು, ಅದೇ ಲೈನಿನ ಕರೆಂಟನ್ನು ಡಿಸಿಯಾಗಿ ಮಾಡಿ ಅದೇ ಸುರುಳಿಗಳಿಗೆ ಹರಿಸುತ್ತದೆ. ಡಿಸಿ ಸುತ್ತುವುದಿಲ್ಲ, ನಿಂತುಬಿಡುತ್ತದೆ. ಕುರಿಗಾಹಿ ದಾರಿ ನಡುವೆ ನಿಂತರೆ ಕುರಿಗಳೂ ಒತ್ತರಿಸಿ ನಿಲ್ಲುವ ಹಾಗೆ ರೋಟರು ಆ ನಿಂತ ಬಲಕ್ಕೆ ಸಿಕ್ಕಿ ಬಿಸಿಯಾಗಿ ನಿಲ್ಲುತ್ತದೆ. ಆಗ ಮೋಟಾರು ಒಂದು ಸಲ ಗಟ್ಟಿಯಾಗಿ ನರಳುತ್ತದೆ. ಆ ನರಳಾಟವನ್ನು ಜ್ಞಾಪಕವಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎಸಿ ಮತ್ತು ಡಿಸಿ ಎರಡೂ ಒಟ್ಟಿಗೆ ಎಂದೂ ಒಳಗೆ ಹೋಗಕೂಡದು. ಒಂದು ಒಳಗಿದ್ದರೆ ಇನ್ನೊಂದರ ಬಾಗಿಲು ಮುಚ್ಚಿರುವ ಹಾಗೆ ವೈರಿಂಗ್ ಮಾಡಬೇಕು. ಎಷ್ಟು ಕರೆಂಟು, ಎಷ್ಟು ಹೊತ್ತು ಎಂಬ ಎರಡು ತಿರುಪುಗಳನ್ನು ಹೊಂದಿಸಬೇಕು. ಇಷ್ಟು ತಿಳಿದರೆ ಅರ್ಧ ಕೆಲಸ ಬಂದಂತೆ. ಮಿಕ್ಕ ಅರ್ಧ ಮನುಷ್ಯರದ್ದು, ಅದಕ್ಕೆ ತಿರುಪುಗಳಿಲ್ಲ.

ಹಿರಿಯೂರಿನ ಸಾ ಮಿಲ್ಲು ನನ್ನ ಮೂರನೇ ಕೆಲಸ. ಬಸ್ಸಿಳಿದು ಟೂಲ್ ಬ್ಯಾಗು ಹೊತ್ತು ಹೋದೆ. ಮಾಲೀಕರು ನನ್ನ ಹಿಂದೆ ಸ್ವಲ್ಪ ಹೊತ್ತು ನೋಡಿ, ಯಾರೂ ಬರದಿದ್ದಾಗ ಟೀ ತರಿಸಿದರು. ಸಂಜೆ ಬ್ರೇಕು ಕೂರಿಸಿ ಮುಗಿಸಿದೆ. ಮೂರು ನಿಮಿಷ ಸುತ್ತುತ್ತಿದ್ದ ಗರಗಸ ಒಂಬತ್ತು ಸೆಕೆಂಡಿಗೆ ನಿಂತಿತು. ಮಾಲೀಕರು ಪೆಟ್ಟಿಗೆಯ ಸುತ್ತ ಮುತ್ತ, ಮೇಲೆ ಕೆಳಗೆ ಹುಡುಕಿದರು.

"ನೀರು ಎಲ್ಲಿ ಹಾಕದಮ್ಮ?" ಎಂದರು.

ಯಾವ ನೀರು ಎಂದು ಕೇಳಿದೆ.

"ಡಿಸಿ ಅಂದ್ಯಲ್ಲಮ್ಮ. ಡಿಸಿ ಅಂದ್ರೆ ಬ್ಯಾಟ್ರಿ, ಬ್ಯಾಟ್ರಿ ಅಂದ್ರೆ ನೀರು. ನಮ್ಮ ಟ್ರ್ಯಾಕ್ಟರಿಗೆ ತಿಂಗಳಿಗೊಂದ್ಸಲ ಹಾಕ್ತೀವಿ."

ಇದಕ್ಕೆ ಬ್ಯಾಟರಿ ಇಲ್ಲ, ಲೈನಿನ ಕರೆಂಟನ್ನೇ ಡಿಸಿಯಾಗಿ ಮಾಡಿಕೊಳ್ಳುತ್ತದೆ ಎಂದು ಕುರಿಗಾಹಿಯ ಕತೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ ತಲೆಯಾಡಿಸಿದರು. ಮೂರು ವಾರದ ನಂತರ ತಿರುಪು ಸರಿಮಾಡಲು ಹೋದಾಗ ಪೆಟ್ಟಿಗೆಯ ಕೆಳಗೆ ಒಂದು ಟ್ರ್ಯಾಕ್ಟರ್ ಬ್ಯಾಟರಿ ಇತ್ತು. ಯಾವ ತಂತಿಯೂ ಸೇರಿಸಿರಲಿಲ್ಲ. ಮೇಲೆ ವಿಭೂತಿ, ಕುಂಕುಮ, ಒಂದು ನಿಂಬೆಹಣ್ಣು. ಪಕ್ಕದಲ್ಲಿ ನೀರಿನ ಬಾಟಲಿ. ನಾನು ಅದನ್ನು ನೋಡುವುದನ್ನು ನೋಡಿ, "ಇರ್ಲಿ ಬಿಡಮ್ಮ, ಧೈರ್ಯಕ್ಕೈತೆ" ಎಂದರು. ಆ ಬ್ಯಾಟರಿ ಈಗಲೂ ಅಲ್ಲಿದೆ. ಹೊಸದಾಗಿ ಬಂದ ಆಳುಗಳು ಬ್ರೇಕು ಅದರಿಂದಲೇ ನಡೆಯುತ್ತದೆ ಎಂದು ಬರುವವರಿಗೆ ವಿವರಿಸುತ್ತಾರೆ. ನನ್ನ ವಿವರಣೆಗಿಂತ ಅದು ಬೇಗ ಅರ್ಥವಾಗುತ್ತದೆ.

ಹೊಳಲ್ಕೆರೆಯ ಮರಗೆಲಸದ ಶೆಡ್ಡಿನದು ಬೇರೆ ಪಾಡು. ಆ ಮಾಲೀಕರಿಗೆ ಬ್ರೇಕು ಎಷ್ಟು ಇಷ್ಟವಾಯಿತೆಂದರೆ, ಶೆಡ್ಡಿನ ಪೂಜೆಗೆ ಬಂದ ಬೀಗರನ್ನೆಲ್ಲ ಗರಗಸದ ಮುಂದೆ ನಿಲ್ಲಿಸಿ ಒಬ್ಬೊಬ್ಬರಿಂದಲೂ ಕೆಂಪು ಗುಂಡಿ ಒತ್ತಿಸಿದರು. ನಾನು ಊಟದ ಎಲೆಯ ಮುಂದೆ ಇದ್ದೆ. ಶಬ್ದದಿಂದಲೇ ಎಣಿಸಿದೆ: ಮೂವತ್ತೈದು ನಿಮಿಷದಲ್ಲಿ ಮೂವತ್ತೊಂದು ಸಲ. ಪ್ರತಿ ಸಲ ನಿಲ್ಲಿಸಿದಾಗಲೂ ಓಟದ ಬಲವೆಲ್ಲ ಮೋಟಾರಿನ ಒಳಗೇ ಬಿಸಿಯಾಗಿ ಉಳಿಯುತ್ತದೆ, ಸುಧಾರಿಸಿಕೊಳ್ಳಲು ಬಿಡಬೇಕು ಎಂದು ಹೇಳಲು ಎದ್ದೆ. ಬಡಿಸುವವರು ಪಾಯಸ ಬರುತ್ತದೆಂದು ಮತ್ತೆ ಕೂರಿಸಿದರು. ಬಿಸಿ ಹೆಚ್ಚಾದಾಗ ತಾನಾಗಿ ಆರಿಸುವ ರಿಲೇ ಎರಡು ಸಲ ತನ್ನ ಕೆಲಸ ಮಾಡಿತ್ತು. ಮೂರನೆಯ ಸಲ ಮಾಲೀಕರ ಭಾವಮೈದುನ ಅದಕ್ಕೆ ಊದುಬತ್ತಿ ಕಡ್ಡಿ ಸಿಕ್ಕಿಸಿ ಸುಮ್ಮನಾಗಿಸಿದ. ಮೋಟಾರಿನಿಂದ ಹೊಗೆ ಎದ್ದಾಗ ಒಬ್ಬ ಅಜ್ಜಿ ಮಂಗಳಾರತಿ ಆಯಿತೆಂದು ಕೈ ಮುಗಿದರು.

ಅದು ಸುಟ್ಟ ಮೊದಲ ಮೋಟಾರು. ಶಿವಲಿಂಗಪ್ಪನವರು ನನ್ನನ್ನು ಕೂರಿಸಿಕೊಂಡು ಒಂದು ಆಜ್ಞೆ ಮಾಡಿದರು: ಇನ್ನು ಮುಂದೆ ಪ್ರತಿ ಪ್ಯಾನೆಲಿನ ಮೇಲೂ ಗಂಟೆಗೆ ಎಷ್ಟು ಸಲ ನಿಲ್ಲಿಸಬಹುದು ಎಂದು ಬಣ್ಣದಲ್ಲಿ ಬರೆಯತಕ್ಕದ್ದು. ಒಳ್ಳೆಯ ಆಜ್ಞೆಯೇ. ಬರೆಯಲು ಶುರು ಮಾಡಿದೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿದೆ. ನಾಲ್ಕು ಪ್ಯಾನೆಲ್ ಆದ ಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಹೇಗೂ ಬರೆಯುತ್ತೀ, ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ ಎಂಬುದನ್ನೂ ಬರೆ, ಅದನ್ನು ದೊಡ್ಡದಾಗಿ ಬರೆ, ನೋಡಿದವರು ನಮ್ಮ ಅಂಗಡಿಯ ಹೆಸರು ಕೇಳಲಿ ಎಂದರು. ನನಗೂ ಅದು ಹಿಡಿಸಿತು. ಸ್ಟಾಪ್‌ವಾಚು ನನ್ನದು, ಅಂಕಿ ನನ್ನದು. ಡೈರಿಯಲ್ಲಿ ಮುಚ್ಚಿಟ್ಟಿದ್ದ ಲೆಕ್ಕ ಲೋಕಕ್ಕೆ ಕಾಣುತ್ತದೆಂದು ಒಳಗೊಳಗೇ ಹಿಗ್ಗಿದೆ. ಹೊಸದುರ್ಗಕ್ಕೆ ಹೋದಾಗ ಕೆಂಪು ಬಣ್ಣದ ಡಬ್ಬಿಯನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ಬಸವರಾಜಪ್ಪನವರ ನಾರಿನ ಮಿಲ್ಲು ಹೊಸದುರ್ಗದಿಂದ ಎಂಟು ಕಿಲೋಮೀಟರು. ನಾಲ್ಕು ಕಡೆಯೂ ಗೋಡೆಯಿಲ್ಲದ ತಗಡಿನ ಶೆಡ್ಡು. ತೆಂಗಿನಕಾಯಿ ಸುಲಿದ ಸಿಪ್ಪೆಯ ಗುಡ್ಡೆ ಒಂದು ಕಡೆ, ಬಿಡಿಸಿದ ನಾರಿನ ಗುಡ್ಡೆ ಇನ್ನೊಂದು ಕಡೆ, ನಡುವೆ ಯಂತ್ರ. ಒಳಗೊಂದು ದೊಡ್ಡ ಡ್ರಮ್ಮು, ಅದರ ಮೈತುಂಬ ಕಬ್ಬಿಣದ ಹಲ್ಲು. ರತ್ನಮ್ಮ ಅದರ ಬಾಯಿಗೆ ಸಿಪ್ಪೆ ಹಾಕುವವಳು. ನಲವತ್ತರ ಆಸುಪಾಸು, ತಲೆಗೆ ಟವೆಲ್ಲು, ಮೈಮೇಲೆಲ್ಲ ಕಂದು ದೂಳು, ಎರಡು ಕೈಗೂ ಆರಾರು ಹಸಿರು ಗಾಜಿನ ಬಳೆ. ಗಂಟೆಗೆ ಎರಡು ಮೂರು ಸಲವಾದರೂ ನಾರು ಸುತ್ತಿಕೊಂಡು ಬಾಯಿ ಕಟ್ಟುತ್ತಿತ್ತು. ಯಂತ್ರ ನಿಲ್ಲಿಸಿ, ಬಾಯಿಯ ತಗಡಿನ ಮುಚ್ಚಳ ಎತ್ತಿ, ಅವಳು ಮೊಳಕೈವರೆಗೂ ಕೈ ಇಳಿಸಿ ಗಂಟು ಕೀಳಬೇಕು. ಒಳಗೆ ದೂಳು ತುಂಬಿರುತ್ತಿತ್ತು, ಡ್ರಮ್ಮು ಕಾಣುತ್ತಿರಲಿಲ್ಲ. ನಿಂತಿದೆಯೋ ಇಲ್ಲವೋ ಅಂದಾಜಿನಿಂದ ತಿಳಿಯಬೇಕು.

ನಿಲ್ಲಿಸುವ ಅಧಿಕಾರ ಆಪರೇಟರ್ ಓಂಕಾರಪ್ಪನದು. ಐವತ್ತೈದರ ಆಳು, ಎಂಟು ಬೆರಳಿನವನು. ಸ್ವಿಚ್ ಆರಿಸಿದ ಮೇಲೆ ಒಂದು ಜಾಲಿಮರದ ದೊಣ್ಣೆಯನ್ನು ಡ್ರಮ್ಮಿನ ಜೊತೆಗೇ ಸುತ್ತುವ ಬೆಲ್ಟಿನ ಚಕ್ರಕ್ಕೆ, ಅಂದರೆ ಪುಲ್ಲಿಗೆ, ಒತ್ತಿ ಹಿಡಿದು ನಿಲ್ಲಿಸುತ್ತಿದ್ದ. ಸುತ್ತಮುತ್ತಲ ಮಿಲ್ಲುಗಳಿಂದ ಅದನ್ನು ಕಲಿಯಲು ಬರುತ್ತಿದ್ದರಂತೆ. ಎಲ್ಲಿ ಒತ್ತಬೇಕು, ಯಾವಾಗ ಬಿಡಬೇಕು ಎಂದು ಹೇಳಿಕೊಡುವಾಗ ಅವನು ಇಲ್ಲದ ಬೆರಳಿನ ಜಾಗವನ್ನೇ ತೋರಿಸಿ ಮಾತಾಡುತ್ತಿದ್ದ. ಅದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ನಾನು ಐಟಿಐಯಲ್ಲೂ ನೋಡಿಲ್ಲ.

ಡೈರಿಯಲ್ಲಿ ಹೀಗಿದೆ. ಜೂನ್ ಒಂಬತ್ತು, ಗುರುವಾರ. ದೊಣ್ಣೆ ಇಲ್ಲದೆ ಡ್ರಮ್ಮು ನಿಲ್ಲಲು ನಾಲ್ಕು ನಿಮಿಷ ಹತ್ತು ಸೆಕೆಂಡು. ದೊಣ್ಣೆಯಿಂದ ಐವತ್ತು ಸೆಕೆಂಡು. ಎಲೆಕ್ಟ್ರಾನಿಕ್ ಬ್ರೇಕಿನಿಂದ ಆರು. ನಾನು ಏಳು ಸಲ ಅಳೆದೆ, ಏಳು ಸಲವೂ ಆರು. ಪ್ಯಾನೆಲಿನ ಬಾಗಿಲಿನ ಮೇಲೆ ಮೊಳದುದ್ದ '೬' ಬರೆದು, ಕೆಳಗೆ ಸಣ್ಣದಾಗಿ 'ಸೆಕೆಂಡು' ಎಂದು ಬರೆದೆ. ಬಸವರಾಜಪ್ಪನವರು ಫೋನಿನಲ್ಲಿ ಫೋಟೋ ಹೊಡೆದು ಯಾರು ಯಾರಿಗೋ ಕಳಿಸಿದರು. ಜಾಲಿ ದೊಣ್ಣೆಗಳನ್ನೆಲ್ಲ ಒಲೆಗೆ ಹಾಕಲು ಹೇಳಿದರು. ಒಂದನ್ನು ಮಾತ್ರ ಓಂಕಾರಪ್ಪ ನಾರಿನ ಗುಡ್ಡೆಯ ಹಿಂದೆ ಅಡಗಿಸಿದ್ದು ಆಮೇಲೆ ತಿಳಿಯಿತು.

ಮೊದಲ ಸಲ ಬ್ರೇಕು ಹಿಡಿದಾಗ ಮೋಟಾರು ನರಳಿತು. ಓಂಕಾರಪ್ಪ ತಂಬಾಕು ಉಜ್ಜುತ್ತ ಕಿವಿಗೊಟ್ಟ.

"ನೋವಾಗ್ತೈತೆ ಮೇಡಮ್ಮ ಅದಕ್ಕೆ. ನನ್ ದೊಣ್ಣೆಗೆ ಒಂದಿನಾನೂ ಹಿಂಗೆ ನರಳಿದ್ದಿಲ್ಲ" ಎಂದ.

"ನಿನ್ ಬೆರಳು ಹೋದಾಗ ನರಳಿದ್ದು ನೀನಲ್ವೇನಣ್ಣ" ಎಂದಳು ರತ್ನಮ್ಮ. ಆಳುಗಳೆಲ್ಲ ನಕ್ಕರು. ಅವನೂ ನಕ್ಕ.

ರತ್ನಮ್ಮನಿಗೆ ಓದು ಬರೆಹವಿಲ್ಲ, ಅಂಕಿ ಮಾತ್ರ ಗೊತ್ತು. ಪ್ಯಾನೆಲಿನ '೬' ಅವಳಿಗೆ ಪೂರ್ತಿ ಅರ್ಥವಾಯಿತು. ಮೋಟಾರಿನ ಸದ್ದು ಬಿದ್ದ ಕೂಡಲೆ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುವಳು. ಆರು ಎನ್ನುತ್ತಲೇ ಮುಚ್ಚಳ ಎತ್ತುವಳು. ವಾರದೊಳಗೆ ಶೆಡ್ಡಿನ ಹೆಂಗಸರೆಲ್ಲ ಅದನ್ನು ಕಲಿತರು. ಬಾಯಿ ಕಟ್ಟಿದಾಗ ಎಲ್ಲರೂ ಒಟ್ಟಿಗೆ ಎಣಿಸುವುದು ಕೇಳಿದರೆ ಮಗ್ಗಿ ಒಪ್ಪಿಸುವ ಶಾಲೆಯ ಮುಂದೆ ನಿಂತಂತಾಗುತ್ತಿತ್ತು. ನನ್ನ ಅಂಕಿಯನ್ನು ಹತ್ತು ಜನ ಬಾಯಿಬಿಟ್ಟು ಹೇಳುವುದನ್ನು ಕೇಳಿ ನನಗೆ ಆದ ಸಂತೋಷವನ್ನು ಡೈರಿಯಲ್ಲಿ ಬರೆದಿದ್ದೇನೆ. ಅದನ್ನು ಇಲ್ಲಿ ನಕಲು ಮಾಡಲು ನಾಚಿಕೆಯಾಗುತ್ತದೆ.

ಬ್ರೇಕಿನ ಜೊತೆ ಒಂದು ಇಂಗ್ಲಿಷ್ ಕೈಪಿಡಿ ಬರುತ್ತಿತ್ತು. ಅದರ ಹದಿನಾಲ್ಕನೇ ಪುಟದ ಕೊನೆಗೆ, ಸಣ್ಣ ಅಕ್ಷರದಲ್ಲಿ, ಲೈನಿನಲ್ಲಿ ಕರೆಂಟು ಹೋದರೆ ಈ ಬ್ರೇಕು ಕೆಲಸ ಮಾಡುವುದಿಲ್ಲ ಎಂದಿತ್ತು. ನಾನು ಅದನ್ನು ಓದಿದ್ದೆ. ಕರೆಂಟಿನ ಬ್ರೇಕು ಕರೆಂಟಿಲ್ಲದೆ ನಡೆಯುವುದಿಲ್ಲ ಎಂಬುದನ್ನು ಹೇಳಬೇಕೇ, ಯಾರಿಗಾದರೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಬಸವರಾಜಪ್ಪನವರ ಕೈಪಿಡಿಯ ಹಾಳೆಗಳಲ್ಲಿ ಮಿಲ್ಲಿನ ಮುಂದಿನ ಗಾಡಿಯವನು ಮೆಣಸಿನಕಾಯಿ ಬಜ್ಜಿ ಕಟ್ಟಿಕೊಡುತ್ತಿದ್ದ. ಹದಿನಾಲ್ಕನೇ ಪುಟ ಯಾರ ಕೈಗೆ ಹೋಯಿತೋ.

ಆಗಸ್ಟ್ ಇಪ್ಪತ್ತೇಳು, ಶನಿವಾರ. ತಿರುಪು ನೋಡಿ ಬರೋಣವೆಂದು ಹೋಗಿದ್ದೆ. ಹೊತ್ತು ಹನ್ನೊಂದು, ಬಿಸಿಲು ಚೆನ್ನಾಗಿತ್ತು. ಹಗಲಲ್ಲಿ ಆ ಶೆಡ್ಡಿಗೆ ದೀಪ ಹಾಕುವುದಿಲ್ಲ. ಪ್ಯಾನೆಲಿನ ಹಸಿರು ದೀಪದ ಮೇಲೆ ಒಂದು ಬೆರಳಿನಷ್ಟು ದೂಳು ಕೂತಿತ್ತು. ಯಂತ್ರ ಓಡುತ್ತಿತ್ತು, ಬಾಯಿ ಕಟ್ಟಿಕೊಂಡಿತು. ರತ್ನಮ್ಮ ಕೈಯೆತ್ತಿ ಸನ್ನೆ ಮಾಡಿದಳು. ಅಷ್ಟರಲ್ಲಿ ಮೋಟಾರಿನ ಸದ್ದು ಬಿತ್ತು. ಓಂಕಾರಪ್ಪ ಗುಂಡಿ ಒತ್ತಿದನೆಂದು ಅವಳು ತಿಳಿದಳು. ನಾನೂ ಹಾಗೇ ತಿಳಿದು ಸ್ಟಾಪ್‌ವಾಚು ಒತ್ತಿದೆ. ಅವಳು ಎಣಿಸತೊಡಗಿದಳು. ಉಳಿದವರೂ ಸೇರಿಕೊಂಡರು. ನಾನೂ ಸೇರಿಕೊಂಡೆ.

ನಾಲ್ಕು ಎನ್ನುವಾಗ ಓಂಕಾರಪ್ಪನ ಕಡೆ ನೋಡಿದೆ. ಅವನು ಪ್ಯಾನೆಲಿನಿಂದ ಐದಾರು ಹೆಜ್ಜೆ ಆಚೆ, ಅಂಗೈಯಲ್ಲಿ ತಂಬಾಕು ಹಿಡಿದು ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದ. ಐದಕ್ಕೆ ತಂಬಾಕು ನೆಲಕ್ಕೆ ಬಿತ್ತು. ಅವನು ನಾರಿನ ಗುಡ್ಡೆಯ ಹಿಂದಿನಿಂದ ದೊಣ್ಣೆ ಎಳೆದು ಓಡಿಬಂದ. ನಾವು ಆರು ಎಂದೆವು. ರತ್ನಮ್ಮ ಮುಚ್ಚಳ ಎತ್ತಿ ಕೈ ಇಳಿಸಿದಳು. ಓಂಕಾರಪ್ಪ ಅವಳ ತೋಳಿಗೆ ದೊಣ್ಣೆಯಿಂದ ಬೀಸಿ ಹೊಡೆದ.

ಬಳೆ ಒಡೆದ ಸದ್ದು ನನಗೆ ಕೇಳಿಸಲಿಲ್ಲ, ಚೂರು ಹಾರಿದ್ದು ಕಂಡಿತು. ಅವಳು ಕೈ ಎಳೆದುಕೊಂಡು ಹಿಂದಕ್ಕೆ ಕುಸಿದಳು. ಅವಳ ಮುಷ್ಟಿಯಲ್ಲಿ ಸಿಕ್ಕಿದ್ದ ನಾರಿನ ಗಂಟು ಡ್ರಮ್ಮಿನೊಳಗೆ ಹೋಗಿ ಮರುಕ್ಷಣ ಆಚೆ ಕಡೆಯಿಂದ ಪುಡಿಯಾಗಿ ಬಂತು. ಬಡಿದು ಬಿದ್ದ ಮುಚ್ಚಳದ ಅಡಿಯಲ್ಲಿ ಡ್ರಮ್ಮು ಇನ್ನೂ ಪೂರ್ತಿ ವೇಗದಲ್ಲಿತ್ತು.

ರತ್ನಮ್ಮ ಓಂಕಾರಪ್ಪನಿಗೆ ಬೈದದ್ದನ್ನು ಬರೆಯಲಾರೆ. ಹೆಂಡತಿಗೆ ಹೊಡೆದ ಕೈ ಊರ ಹೆಂಗಸರ ಮೇಲೂ ಏಳುತ್ತದಾ ಎಂಬುದು ಅದರಲ್ಲಿ ಮೆತ್ತಗಿನದು. ಅವನು ದೊಣ್ಣೆಯಿಂದ ಯಂತ್ರದ ಕಡೆ ತೋರಿಸಿದ. ಆಗ ಅವಳಿಗೂ ಕೇಳಿಸಿತು.

"ನಾನು ಗುಂಡಿ ಮುಟ್ಟೇ ಇಲ್ಲ. ಕರೆಂಟು ಹೋಗೈತೆ" ಎಂದ ಓಂಕಾರಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ನರಳ್ಲಿಲ್ಲ ಮೇಡಮ್ಮ. ನರಳದೆ ಅದು ನಿಲ್ತೈತಾ?"

ರತ್ನಮ್ಮ ಒಡೆದ ಬಳೆಗಳನ್ನು ನೋಡಿಕೊಂಡಳು. ಆರರಲ್ಲಿ ಎರಡು ಉಳಿದಿದ್ದವು. ಮಣಿಕಟ್ಟಿನಿಂದ ರಕ್ತ ಸಣ್ಣಗೆ ಬರುತ್ತಿತ್ತು. ಐದು ಬೆರಳನ್ನೂ ಒಂದೊಂದಾಗಿ ಮಡಚಿ ಬಿಚ್ಚಿದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

"ನೀವೇ ಬರ್ದಿದ್ರಲ್ಲ ಮೇಡಮ್ಮ, ಆರು ಅಂತ?"

ನನ್ನ ಕೈಯಲ್ಲಿ ಸ್ಟಾಪ್‌ವಾಚು ಓಡುತ್ತಲೇ ಇತ್ತು. ನಾವು ಮೂವರೂ ಡ್ರಮ್ಮು ನಿಲ್ಲುವವರೆಗೆ ಅಲ್ಲೇ ನಿಂತಿದ್ದೆವು. ನಾಲ್ಕು ನಿಮಿಷ ಎಂಟು ಸೆಕೆಂಡು.

ಅದರ ಮುಂದಿನ ಮಂಗಳವಾರ ಮಿಲ್ಲಿನ ಆಫೀಸಿನಲ್ಲಿ ಸಭೆ. ಶಿವಲಿಂಗಪ್ಪನವರು ಚಿತ್ರದುರ್ಗದಿಂದ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು, ಜೊತೆಗೆ ನಮ್ಮ ಅಂಗಡಿಯ ಕೈಪಿಡಿಯನ್ನೂ ತಂದು ಹದಿನಾಲ್ಕನೇ ಪುಟ ಓದಿ ಹೇಳಿದರು. ಬಸವರಾಜಪ್ಪನವರು ತಪ್ಪು ಕರೆಂಟು ತೆಗೆದವರದು ಎಂದರು. ಶಿವಲಿಂಗಪ್ಪನವರು ಅದನ್ನು ತುಂಬು ಹೃದಯದಿಂದ ಒಪ್ಪಿದರು. ಅಲ್ಲಿಲ್ಲದವರ ಮೇಲೆ ತಪ್ಪು ಹೊರಿಸಿದ ಮೇಲೆ ಇಬ್ಬರ ಮುಖವೂ ಗೆಲುವಾಯಿತು, ಮಂಡಕ್ಕಿ ಮೆಣಸಿನಕಾಯಿ ಬಂತು. ಓಂಕಾರಪ್ಪ ಹೆಂಗಸಿನ ಮೇಲೆ ಕೈ ಮಾಡಿದ್ದಕ್ಕೆ ಕ್ಷಮೆ ಕೇಳಬೇಕೇ ಬೇಡವೇ ಎಂಬುದರ ಮೇಲೆ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ರತ್ನಮ್ಮನನ್ನು ಸಭೆಗೆ ಕರೆದಿರಲಿಲ್ಲ, ಸಿಪ್ಪೆ ಹಾಕುವವರು ಬೇರೆ ಯಾರೂ ಇರಲಿಲ್ಲ. ಕೊನೆಗೆ 'ಯಂತ್ರ ಚಲಿಸುತ್ತಿರುವಾಗ ಕೈ ಹಾಕಬಾರದು' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೋರ್ಡು ಬರೆಸುವುದೆಂದು ತೀರ್ಮಾನವಾಯಿತು. ಬೋರ್ಡು ಬಂತು, ಚೆನ್ನಾಗಿತ್ತು. ಅದನ್ನು ಓದಬೇಕಾದ ಹತ್ತು ಹೆಂಗಸರಲ್ಲಿ ಓದು ಬರುತ್ತಿದ್ದದ್ದು ಇಬ್ಬರಿಗೆ.

ಆರು ಎಂಬ ಅಂಕಿಯನ್ನು ನಾನು ಬಳೆ ಒಡೆದ ದಿನವೇ ಕೆರೆದು ಹಾಕಿದೆ. ಆಮೇಲೆ ಉಳಿದ ಊರುಗಳಿಗೂ ಹೋಗಿ ಒಂಬತ್ತು ಪ್ಯಾನೆಲುಗಳ ಸೆಕೆಂಡಿನ ಅಂಕಿ ಕೆರೆದೆ, ಗಂಟೆಗೆ ಎಷ್ಟು ಸಲ ಎಂಬುದನ್ನು ಮಾತ್ರ ಉಳಿಸಿದೆ. ಜಾಹೀರಾತು ಅಳಿಸುತ್ತಿದ್ದಾಳೆ ಎಂದು ಯಜಮಾನರು ಎರಡು ವಾರ ಮಾತು ಬಿಟ್ಟರು. ನಾರಿನ ಮಿಲ್ಲಿನ ಮುಚ್ಚಳಕ್ಕೆ ಒಂದು ಚಿಲಕ ಮಾಡಿ ಕೂರಿಸಿದೆ. ಡ್ರಮ್ಮು ಪೂರ್ತಿ ನಿಂತದ್ದು ಖಾತ್ರಿಯಾದ ಮೇಲೇ ಅದಕ್ಕೆ ಕರೆಂಟು ಹೋಗಿ ತೆರೆಯುವುದು. ಕರೆಂಟು ಇಲ್ಲದಿದ್ದರೆ ಮುಚ್ಚಿಯೇ ಇರುವುದು. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ಮೂರು ತಿಂಗಳು ಬಿಟ್ಟು ಹೋದಾಗ ಚಿಲಕದೊಳಗೆ ದೂಳು ಕಟ್ಟಿ ಕೆಲಸ ನಿಲ್ಲುತ್ತದೆಂದು ಅದನ್ನು ನಾರಿನ ಹಗ್ಗದಿಂದ ತೆರೆದೇ ಇರುವಂತೆ ಬಿಗಿದು ಕಟ್ಟಿದ್ದರು. ಹಗ್ಗ ಒಳ್ಳೆಯ ಗುಣಮಟ್ಟದ್ದು, ಮಿಲ್ಲಿನದೇ ಮಾಲು.

ನಾನು ತಲೆಯ ಮೇಲೆ ಕೈ ಹೊತ್ತು ಸಿಪ್ಪೆಯ ಗುಡ್ಡೆಯ ಪಕ್ಕ ಕೂತೆ. ಯಂತ್ರ ಓಡುತ್ತಿತ್ತು. ಬಾಯಿ ಕಟ್ಟಿಕೊಂಡಿತು. ಓಂಕಾರಪ್ಪ ಗುಂಡಿ ಒತ್ತಿದ, ಮೋಟಾರು ನರಳಿತು. ಯಾರೂ ಎಣಿಸಲಿಲ್ಲ. ನರಳಾಟ ಮುಗಿದ ಮೇಲೆ ಅವನು ಮೇನ್ ಸ್ವಿಚ್ಚಿನ ಹಿಡಿಯನ್ನೂ ಕೆಳಗೆಳೆದ. ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು, ಯಂತ್ರದ ಬಾಯಿಯನ್ನು ಬಿಟ್ಟು ಪಕ್ಕದ ಪುಲ್ಲಿಯನ್ನು ನೋಡುತ್ತ ನಿಂತಿದ್ದಳು. ಬ್ರೇಕು ಬಂದ ಮೇಲೆ ಹಾಕಿದ್ದ ಜಾಲರಿಯ ಹಿಂದೆ, ಪುಲ್ಲಿಯ ಕಪ್ಪು ಮುಖದ ಮೇಲೆ ಬೆಳ್ಳಗೆ ಏನೋ ಕಾಣುತ್ತಿತ್ತು.

"ಏನದು ರತ್ನಕ್ಕ?"

"ಸುಣ್ಣ. ಎಲೆಅಡಿಕೇದು" ಎಂದಳು. "ಓಂಕಾರಣ್ಣ ಜಾಲರಿ ಬಿಚ್ಚಿ ಕೊಟ್ಟ, ನಾನು ಒಂದು ಬೊಟ್ಟಿಟ್ಟೆ. ತಿರುಗುವಾಗ ನೋಡ್ರಿ, ಬಳೆ ಕಂಡಂಗೆ ಕಾಣ್ತೈತೆ. ನಿಂತ್ಮೇಲೆ ಬೊಟ್ಟು. ಕರೆಂಟಿರ್ಲಿ, ಹೋಗ್ಲಿ, ಅದಕ್ಕೇನು ಗೊತ್ತಾಗ್ತೈತೆ? ಬಳೆ ಇದ್ರೆ ಕೈ ಹಾಕಲ್ಲ, ಬೊಟ್ಟು ಕಂಡ್ರೆ ಹಾಕ್ತೀವಿ."

ಅವಳ ಬಲಗೈಯಲ್ಲಿ ಹೊಸ ಬಳೆಗಳಿದ್ದವು. ಆರಿದ್ದವು.

ಇದನ್ನು ಯಜಮಾನರಿಗೆ ಹೇಳಿದೆ. ಅವರು ಇದಕ್ಕೆ ಕೈಪಿಡಿ ಇದೆಯೇ ಎಂದು ಕೇಳಿದರು. ಆಮೇಲೆ ನಾನು ಕೂರಿಸಿದ ಪ್ರತಿ ಬ್ರೇಕಿನ ಜೊತೆಗೂ, ಪುಲ್ಲಿಯ ಮುಖದ ಮೇಲೆ ಬಿಳಿ ಬಣ್ಣದ ಒಂದು ಬೊಟ್ಟು ಇಟ್ಟು ಬಂದಿದ್ದೇನೆ. ಡೈರಿಯಲ್ಲಿ ಅದಕ್ಕೊಂದು ಕಾಲಂ ಇದೆ: ನಲವತ್ತೊಂದು.

ಐಟಿಐಯ ಬೆಂಚಿನ ಮೇಲೆ ಈಗ ಒಂದು ಮೋಟಾರು, ಒಂದು ಬ್ರೇಕು ಇಟ್ಟಿದ್ದೇನೆ. ಮೊದಲ ದಿನ ಗುಂಡಿ ಒತ್ತಿ ತೋರಿಸಿದೆ. ಮೋಟಾರು ನರಳಿ ನಿಂತಿತು. ಎಷ್ಟು ಸೆಕೆಂಡಾಯಿತು ಮೇಡಂ, ನೋಟ್ಸಿಗೆ ಬರೆದುಕೊಳ್ಳುತ್ತೇವೆ ಎಂದು ಮುಂದಿನ ಸಾಲಿನವಳು ಪೆನ್ನು ಹಿಡಿದು ಕೇಳಿದಳು. ನಾನು ಮೋಟಾರನ್ನು ಮತ್ತೆ ಓಡಿಸಿದೆ. ಈ ಸಲ ಗುಂಡಿ ಮುಟ್ಟಲಿಲ್ಲ, ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸಿದೆ. ಕ್ಲಾಸಿನ ಫ್ಯಾನು ನಿಧಾನವಾಯಿತು. ಪೆನ್ನು ಕೆಳಗಿಟ್ಟು ಪುಲ್ಲಿ ನೋಡಿ ಎಂದೆ. ಇಪ್ಪತ್ತೆರಡು ಜನ ಆ ಬಿಳಿ ಬಳೆಯನ್ನು ನೋಡುತ್ತ ಕೂತರು. ಅದು ತೆಳುವಾಯಿತು, ತುಂಡಾಯಿತು, ಬೊಟ್ಟಾಯಿತು. ಒಬ್ಬಳು, ಸದ್ದು ಬಿದ್ದ ಕೂಡಲೆ ಪುಲ್ಲಿಯ ಕಡೆ ಚಾಚಿದ್ದ ಕೈಯನ್ನು ಆ ವೇಳೆಗೆ ತಾನಾಗಿಯೇ ಮಡಿಲಿಗೆ ಎಳೆದುಕೊಂಡಿದ್ದಳು.